ಟೇಪರ್ ಶ್ಯಾಫ್ಟಿನ ಸೊಗಸು

ಸಮವ್ಯಾಸದ ಶ್ಯಾಫ್ಟಿನ ಮೇಲೆ ಒಮ್ಮೆ ಕೂಡಿಸಿದ ಬೇರಿಂಗಿನ ಬಿಗಿತವನ್ನು ಬಳಿಕ ತಿದ್ದಲು ಬಾರದು. ಆದರೆ ತುದಿಯ ಕಡೆಗೆ ಕ್ರಮಕ್ರಮವಾಗಿ ಕೃಶವಾಗುತ್ತ ಹೋಗುವ ಟೇಪರ್ ಶ್ಯಾಫ್ಟಿನ ಮೇಲೆ, ಫಿಟ್ಟರನು ನಟ್ಟನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ, ರೋಲರುಗಳ ಸಂದಿನಲ್ಲಿ ಫೀಲರ್ ಗೇಜಿನ ತೆಳುಪಟ್ಟಿಯನ್ನು ತೂರಿಸಿ ಪರೀಕ್ಷಿಸುತ್ತ, ತನಗೆ ಬೇಕಾದಷ್ಟೇ ಬಿಗಿತವನ್ನು ಪಡೆಯಬಲ್ಲನೆಂಬುದು ನನಗೆ ಇಂದಿಗೂ ವಿಸ್ಮಯದ ವಿಷಯವಾಗಿದೆ. ಇಂತಹ ಬೇರಿಂಗುಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಓರೆ 1:12. ಎಂದರೆ ಬೇರಿಂಗು 0.6 ಮಿಲಿಮೀಟರು ಮುಂದೆ ಸರಿದರೆ ಅದರೊಳಗಿನ ಶ್ಯಾಫ್ಟು 0.05 ಮಿಲಿಮೀಟರಿನಷ್ಟು ದಪ್ಪವಾದಂತೆ. ಕಣ್ಣಿಗೆ ಕಾಣುವ ಚಲನೆಯು ಕಾಣದ ಬಿಗಿತವಾಗಿ ಪರಿಣಮಿಸುವ ಈ ಗಣಿತವು ಎಷ್ಟು ಮನೋಹರವಾದುದು!

ಜೋಡಣೆಗೆ ಮುನ್ನ ಶ್ಯಾಫ್ಟಿಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ, ಬೇರಿಂಗನ್ನು ಕೂಡಿಸಿ ಕಳಚಿದಾಗ, ಆ ವರ್ಣವು ರಂಧ್ರದ ಒಳಮೈಗೆಲ್ಲ ಸಮನಾಗಿ ಅಂಟಿರಬೇಕು. ಒಂದೇ ಅಂಚಿನಲ್ಲಿ ಅಂಟಿದ್ದರೆ ಎರಡರ ಓರೆಗಳೂ ಪರಸ್ಪರ ಹೊಂದಿಲ್ಲವೆಂದೇ ಅರ್ಥ. ದೊಡ್ಡ ಬೇರಿಂಗುಗಳನ್ನು ಕಳಚಲು ಆ ಎರಡು ಮೈಗಳ ನಡುವೆ ಎಣ್ಣೆಯನ್ನು ಭಾರಿ ಒತ್ತಡದಿಂದ ಹಾಯಿಸುವರು. ಹಿಡಿತ ಬಿಟ್ಟ ಕ್ಷಣದಲ್ಲಿ ಬೇರಿಂಗು ಥಟ್ಟನೆ ಹೊರಕ್ಕೆ ಚಿಮ್ಮುವುದರಿಂದ, ಅನುಭವಿಯಾದವನು ನಟ್ಟನ್ನು ಸಡಿಲಿಸುವನೇ ಹೊರತು ಪೂರ್ತಿಯಾಗಿ ತೆಗೆಯುವುದಿಲ್ಲ.