ಹಿತ್ತಾಳೆ ಮುಚ್ಚಳದ ಮರ್ಯಾದೆ

ಸ್ವೀಡನ್ನಿನ ಹಳೆಯ ಸ್ವೇಯಾ 123 ಕ್ಯಾಂಪ್ ಸ್ಟೌಗೆ ಪಂಪೇ ಇಲ್ಲ. ಟ್ಯಾಂಕ್ ಬಿಸಿಯಾದಂತೆ ಒಳಗಿನ ಪೆಟ್ರೋಲ್ ಆವಿಯೇ ಒತ್ತಡ ಕೊಡುತ್ತದೆ. ಹಾಗಾಗಿ ಟ್ಯಾಂಕಿನ ಮುಚ್ಚಳ ಸೋರಿದರೆ ಉರಿ ಸೊರಗುವುದಷ್ಟೇ ಅಲ್ಲ, ಹೊರಬಂದ ಆವಿಗೇ ಬೆಂಕಿ ಹತ್ತೀತು.

ಇಡೀ ಸ್ಟೌನಲ್ಲಿ ನನಗೆ ಅಚ್ಚುಮೆಚ್ಚು ಆ ಮುಚ್ಚಳವೇ. ಇಷ್ಟೇ ಇಷ್ಟು ಹಿತ್ತಾಳೆ. ಅದರೊಳಗೊಂದು ಸ್ಪ್ರಿಂಗು, ಪುಟ್ಟ ರಬ್ಬರ್ ಬಿಲ್ಲೆ. ಒತ್ತಡ ಮಿತಿಮೀರಿದರೆ ಬಿಲ್ಲೆ ಹಿಂದೆ ಸರಿದು ಆವಿಗೆ ದಾರಿ ಬಿಡುತ್ತದೆ. ವರ್ಷಗಳುರುಳಿದಂತೆ ರಬ್ಬರ್ ಒಣಗಿ, ಉಗುರು ತಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಅದನ್ನು ಕೆರೆದು ತೆಗೆದು, ಪೆಟ್ರೋಲ್ ತಾಳುವ ವೈಟಾನ್ ವಾಷರನ್ನೇ ಕೂರಿಸಬೇಕು. (ಸೈಕಲ್ ಟ್ಯೂಬಿನ ತುಂಡು ನಡೆಯುವುದಿಲ್ಲ, ಪೆಟ್ರೋಲಿಗೆ ಉಬ್ಬಿಕೊಳ್ಳುತ್ತದೆ.) ಆಮೇಲೆ ಮುಚ್ಚಳ ಹಾಕಿ, ಸ್ಟೌನ ವಾಲ್ವ್ ಮುಚ್ಚಿ, ಖಾಲಿ ಟ್ಯಾಂಕನ್ನು ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಏಳದಿದ್ದರೆ ರಿಪೇರಿ ಗೆದ್ದಿತು. ಎದ್ದರೆ ಮುಚ್ಚಳವನ್ನು ಇಕ್ಕಳ ಹಾಕಿ ಬಿಗಿಯಬೇಡಿ, ಹೊಸ ವಾಷರೂ ಹಾಳಾಗುತ್ತದೆ.