ಅಂಡದಾನ: ‘ದಾನ’ವೆಂಬ ಹೆಸರಿನ ಒಂದು ವಿಮರ್ಶೆ

ಶ್ರಾವಕನ ಷಟ್ಕರ್ಮಗಳಲ್ಲಿ ದಾನಕ್ಕಿರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿತಿರುತ್ತಾರೆ. ಆದರೆ ಹೆಸರು ಎಷ್ಟು ಪೂಜ್ಯವೋ ಅದನ್ನು ಎರವಲು ಪಡೆಯುವವರೂ ಅಷ್ಟೇ ಹೆಚ್ಚು. ಅಂತಹ ಒಂದು ಎರವಲನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಕಳೆದ ದಶಲಕ್ಷಣ ಪರ್ವದ ಎಂಟನೆಯ ದಿನ, ಉತ್ತಮ ತ್ಯಾಗದ ಸಂದರ್ಭದಲ್ಲಿ, ನಮ್ಮ ಊರಿನ ಬಸದಿಗೆ ವಿದ್ಯಾವಂತರಾದ ಉಪನ್ಯಾಸಕರೊಬ್ಬರು ಬಂದಿದ್ದರು. ರಕ್ತದಾನ, ನೇತ್ರದಾನಗಳನ್ನು ಕುರಿತು ಚೆನ್ನಾಗಿಯೇ ಮಾತನಾಡಿದ ಅವರು ಕೊನೆಗೆ ಅಂಡದಾನದ ವಿಷಯಕ್ಕೆ ಬಂದರು. ಮಕ್ಕಳಿಲ್ಲದ ದಂಪತಿಗಳಿಗೆ ತರುಣಿಯೊಬ್ಬಳು ತನ್ನ ಅಂಡಾಣುಗಳನ್ನು ಕೊಡುವುದು ದಾನಗಳಲ್ಲಿಯೇ ಶ್ರೇಷ್ಠವೆಂದೂ, ಹರಿಣೈಗಮೇಷಿಯು ಇಂದ್ರನ ಆಜ್ಞೆಯಂತೆ ಮಾಡಿದ್ದನ್ನೇ ಇಂದಿನ ವೈದ್ಯರು ಮಾಡುತ್ತಿರುವುದರಿಂದ ನಮ್ಮ ಪರಂಪರೆ ಇದಕ್ಕೆ ಅಂದೇ ಒಪ್ಪಿಗೆ ಕೊಟ್ಟಿದೆಯೆಂದೂ ಅವರು ಪ್ರತಿಪಾದಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಸಭೆ ಮುಗಿದ ಮೇಲೆ, ಬಸದಿಯ ಪಾಕಶಾಲೆಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರ ಮಗಳು ನನ್ನ ಬಳಿಗೆ ಬಂದಳು. 24 ವರ್ಷದ ಹುಡುಗಿ; ನರ್ಸಿಂಗ್ ವ್ಯಾಸಂಗದ ಕೊನೆಯ ವರ್ಷದ ಶುಲ್ಕ ಕಟ್ಟಲಾಗದೆ ಕಂಗಾಲಾಗಿದ್ದಳು. ಯಾರೋ ಒಬ್ಬ ಪರಿಚಿತ ಹೆಂಗಸು ಆಕೆಗೆ ಸಂತಾನ ಚಿಕಿತ್ಸಾಲಯವೊಂದರ ದಾರಿ ತೋರಿಸಿದ್ದಳಂತೆ. “ಅಜ್ಜಾ, ಇದು ದಾನವಾದರೆ ನನಗೆ ದುಡ್ಡು ಕೊಡುತ್ತೇನೆಂದು ಯಾಕೆ ಹೇಳುತ್ತಾರೆ? ದಾನವಲ್ಲದಿದ್ದರೆ ನೀವೆಲ್ಲ ಚಪ್ಪಾಳೆ ಯಾಕೆ ತಟ್ಟಿದಿರಿ?” ಎಂದು ಕೇಳಿದಳು. ನಾನೂ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ. ಆಗ ಉತ್ತರ ತೋಚಲಿಲ್ಲ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ದೇಹದ ಹೊರಗೆ ಗರ್ಭಾಂಕುರವಾದ ಮೊದಲ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಒಬ್ಬಳ ಅಂಡದಿಂದ ಇನ್ನೊಬ್ಬಳು ಗರ್ಭ ಧರಿಸುವ ಕ್ರಮ 1980ರ ದಶಕದ ಆದಿಯಲ್ಲಿ ಸಾಧ್ಯವಾಯಿತು. ಸ್ತ್ರೀಯ ದೇಹದಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡ ಪಕ್ವವಾಗುತ್ತದೆ. ದಾನಿಯಾಗುವವಳಿಗೆ ಸುಮಾರು 10–12 ದಿನಗಳ ಕಾಲ ಪ್ರತಿದಿನವೂ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಒಮ್ಮೆಗೇ ಹಲವು ಅಂಡಗಳು ಬೆಳೆಯುವಂತೆ ಮಾಡುತ್ತಾರೆ. ನಡುನಡುವೆ ಸ್ಕ್ಯಾನಿಂಗ್ ನಡೆಯುತ್ತದೆ. ಕೊನೆಯ ಚುಚ್ಚುಮದ್ದಿನ ಸುಮಾರು 36 ಗಂಟೆಗಳ ನಂತರ ಅರಿವಳಿಕೆ ಕೊಟ್ಟು, ಯೋನಿಮಾರ್ಗದಿಂದ ಸೂಜಿಯನ್ನು ಅಂಡಾಶಯಕ್ಕೆ ಚುಚ್ಚಿ ಅಂಡಗಳನ್ನು ಹೀರಿ ತೆಗೆಯುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯಿದೆಯಿದೆ. ಅದು 2022ರ ಜನವರಿ 25ರಿಂದ ಜಾರಿಯಲ್ಲಿದೆ. ದಾನಿಯ ವಯಸ್ಸು 23ರಿಂದ 35ರೊಳಗೆ ಇರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು. 7ಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಬಾರದು. ಪಡೆಯುವ ದಂಪತಿಗಳು ಆಕೆಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸಬೇಕು. ಅಂಡಗಳ ಮಾರಾಟ ನಿಷಿದ್ಧ.

ಇನ್ನು ವಿಮರ್ಶೆಗೆ ಬರೋಣ. ದಾನದ ಹಿರಿಮೆಯನ್ನು ಅಳೆಯಲು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳಿಗೆ ಮಾನ್ಯವಾದ ಗ್ರಂಥವಾದ್ದರಿಂದ ಇಲ್ಲಿ ವಿವಾದಕ್ಕೆ ಎಡೆಯಿಲ್ಲ.

ಮೊದಲನೆಯದು ದ್ರವ್ಯ. ರಕ್ತ ಕೊಟ್ಟರೆ ದೇಹ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಕಣ್ಣನ್ನು ಕೊಡುವುದು ಕಾಯವು ಬಿದ್ದ ಮೇಲೆ. ಅಂಡವನ್ನು ಈ ಎರಡರ ಸಾಲಿನಲ್ಲಿ ನಿಲ್ಲಿಸಲಾಗದು. ಅದು ಮುಗಿದುಹೋಗುವುದೆಂಬ ಭಯ ಇದಕ್ಕೆ ಕಾರಣವಲ್ಲ. ಹುಟ್ಟುವಾಗಲೇ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಲಕ್ಷಗಟ್ಟಲೆ ಅಂಡಗಳಿರುತ್ತವೆ, ಅವುಗಳಲ್ಲಿ ಪಕ್ವವಾಗಿ ಹೊರಬರುವುದು ಕೆಲವು ನೂರು ಮಾತ್ರ. ಕಾರಣ ಬೇರೆ. ಕೊಟ್ಟ ರಕ್ತ ಪಡೆದವನ ಮೈಯಲ್ಲಿ ಕರಗಿಹೋಗುತ್ತದೆ. ಕೊಟ್ಟ ಅಂಡ ಮುಂದೆ ಒಂದು ದಿನ ಹೆಸರಿಟ್ಟುಕೊಂಡು ನಡೆದಾಡುವ ಮನುಷ್ಯನಾಗಬಹುದು. ಜೀವವು ಯಾರ ಸೊತ್ತೂ ಅಲ್ಲ, ಅದು ತನ್ನ ಕರ್ಮದ ಹಾದಿಯಲ್ಲಿ ಬರುತ್ತದೆ, ತಂದೆತಾಯಿಗಳು ನಿಮಿತ್ತ ಮಾತ್ರ ಎಂಬ ನಮ್ಮ ಸಿದ್ಧಾಂತದ ಪ್ರಕಾರ ಒಂದು ಜೀವವನ್ನು ಇನ್ನೊಬ್ಬರಿಗೆ ‘ಕೊಡುವ’ ಅಧಿಕಾರ ಯಾರಿಗೂ ಇಲ್ಲ. ಕೊಡಬಹುದಾದದ್ದು ನಿಮಿತ್ತದ ಒಂದು ಪಾಲು ಮಾತ್ರ.

ಎರಡನೆಯದು ವಿಧಿ. ದಾನಿಯ ದೇಹಕ್ಕೆ ಆಗುವ ಬಾಧೆ ಬಹುಪಾಲು ಸಂದರ್ಭಗಳಲ್ಲಿ ಅಲ್ಪವೆಂಬುದು ನಿಜ. ಆದರೆ ಕೆಲವರಲ್ಲಿ ಅಂಡಾಶಯಗಳು ಮಿತಿಮೀರಿ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. 2010ರಲ್ಲಿ ಮುಂಬೈಯಲ್ಲಿ 17 ವರ್ಷದ ಹುಡುಗಿಯೊಬ್ಬಳು ಅಂಡ ನೀಡಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಇನ್ನೊಂದು ಸೂಕ್ಷ್ಮವಿದೆ. ಪಡೆದ ಅಂಡಗಳಿಂದ ಬೆಳೆಸಿದ ಭ್ರೂಣಗಳೆಲ್ಲವನ್ನೂ ಗರ್ಭಕ್ಕೆ ಸೇರಿಸುವುದಿಲ್ಲ. ಉಳಿದವನ್ನು ಹಿಮಶೈತ್ಯದಲ್ಲಿ ಇಡುತ್ತಾರೆ. ಕಾಯಿದೆಯ ಪ್ರಕಾರ ಇದರ ಗರಿಷ್ಠ ಅವಧಿ 10 ವರ್ಷ. ಅನಂತರ ಅವುಗಳನ್ನು ನಶಿಸಲು ಬಿಡಬೇಕು ಅಥವಾ ಒಪ್ಪಿಗೆ ಪಡೆದು ಸಂಶೋಧನೆಗೆ ಒಪ್ಪಿಸಬೇಕು. ಶುಕ್ರ ಶೋಣಿತಗಳು ಸೇರಿದೆಡೆ ಬಂದು ನೆಲಸುವ ಜೀವ ಅವನ್ನೇ ತನ್ನ ಮೊದಲ ಆಹಾರವಾಗಿ ಸ್ವೀಕರಿಸುತ್ತದೆಂದು ಆಗಮಗಳು ಹೇಳುವಾಗ, ಸಂಜೆಯ ನಂತರ ದೀಪಕ್ಕೆ ಹುಳು ಬಿದ್ದೀತೆಂದು ಊಟ ಮಾಡದ ನಾವು ಈ ಭ್ರೂಣಗಳ ಬಗೆಗೆ ಏನನ್ನೂ ಕೇಳದಿರುವುದು ಸರಿಯೇ? ಅಂಡ ಕೊಡುವವಳಿಗೆ ತನ್ನದರಿಂದ ಎಷ್ಟು ಭ್ರೂಣಗಳಾದವು, ಅವು ಏನಾದವು ಎಂಬುದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ.

ಮೂರನೆಯದು ದಾತೃ. ದಾನಿಗೆ ಇರಬೇಕಾದ ಏಳು ಗುಣಗಳಲ್ಲಿ ಎರಡು ಇಲ್ಲಿ ಮುಖ್ಯ: ಒಂದು ವಿಜ್ಞಾನ, ಎಂದರೆ ತಾನು ಏನು ಕೊಡುತ್ತಿರುವೆನೆಂಬ ಸ್ಪಷ್ಟ ತಿಳಿವಳಿಕೆ, ಇನ್ನೊಂದು ಅಲುಬ್ಧತೆ, ಎಂದರೆ ಪ್ರತಿಫಲದ ಆಸೆಯಿಲ್ಲದಿರುವಿಕೆ. ಕಾನೂನು ಲಿಖಿತ ಒಪ್ಪಿಗೆಯನ್ನು ಕೇಳುತ್ತದೆ. ಆದರೆ ಶುಲ್ಕದ ಗಡುವು ತಲೆಯ ಮೇಲಿರುವಾಗ ಹಾಕಿದ ಸಹಿ ತಿಳಿವಳಿಕೆಯ ಗುರುತೇ, ಅಗತ್ಯದ ಗುರುತೇ? ಕಾನೂನು ಮಾರಾಟವನ್ನು ನಿಷೇಧಿಸಿದೆ. ಆದರೂ ‘ಪರಿಹಾರ’, ‘ಓಡಾಟದ ಖರ್ಚು’ ಎಂಬ ಹೆಸರುಗಳಲ್ಲಿ ಹಣ ಕೈ ಬದಲಾಯಿಸುತ್ತದೆಂಬುದು ಗುಟ್ಟಲ್ಲ. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ ಬಯಲಿಗೆ ಬಂದ ಪ್ರಕರಣವನ್ನು ನೆನೆದರೆ ಮೈ ನಡುಗುತ್ತದೆ: 16 ವರ್ಷದ ಬಾಲಕಿಯ ವಯಸ್ಸನ್ನು ಸುಳ್ಳು ಆಧಾರ್ ಚೀಟಿಯಿಂದ ಮರೆಮಾಚಿ, ಹೆತ್ತ ತಾಯಿಯೇ ಆಕೆಯಿಂದ ಮತ್ತೆ ಮತ್ತೆ ಅಂಡಗಳನ್ನು ಕೊಡಿಸಿದ ಆರೋಪದ ಮೇಲೆ ದಲ್ಲಾಳಿ ಸಹಿತ ಬಂಧನವಾಯಿತು. ಆ ಆಸ್ಪತ್ರೆಯ ಕಡತಗಳಲ್ಲಿ ಈ ಮಗುವಿಗೂ ‘ದಾನಿ’ ಎಂಬ ಹೆಸರೇ ಇದ್ದಿರಬೇಕು.

ಇಲ್ಲಿ ನಾವು ಒಂದು ತಪ್ಪು ಮಾಡಬಾರದು. ಬಡವಳು ಹಣ ಪಡೆದಳೆಂದು ಅವಳನ್ನು ಲುಬ್ಧಳೆಂದು ಕರೆಯಬಾರದು. ಹಸಿವು ಲೋಭವಲ್ಲ. ಅವಳು ಮಾಡಿದ್ದು ದಾನವಲ್ಲ ಎನ್ನುವುದು ಅವಳ ಮೇಲಿನ ದೂಷಣೆಯಲ್ಲ; ಶ್ರಮ, ನೋವು, ಅಪಾಯಗಳಿಗೆ ಸಲ್ಲಬೇಕಾದ ಮೌಲ್ಯವನ್ನೂ ರಕ್ಷಣೆಯನ್ನೂ ಪುಣ್ಯದ ಮಾತಿನಿಂದ ಮುಚ್ಚಿಬಿಡುವವರ ಮೇಲಿನ ಆಕ್ಷೇಪಣೆ. ಚಿಕಿತ್ಸಾಲಯ ಶುಲ್ಕ ಪಡೆಯುತ್ತದೆ, ವೈದ್ಯರು ಸಂಭಾವನೆ ಪಡೆಯುತ್ತಾರೆ, ಮಧ್ಯವರ್ತಿ ದಲ್ಲಾಳಿ ಪಡೆಯುತ್ತಾನೆ. ಈ ಸರಪಳಿಯಲ್ಲಿ ಎಲ್ಲರಿಗಿಂತ ಬಡವಳಾದವಳಿಗೆ ಮಾತ್ರ ‘ದಾನಿ’ಯೆಂಬ ಬಿರುದು!

ನಾಲ್ಕನೆಯದು ಪಾತ್ರ. ಸಂತಾನವಿಲ್ಲದ ದಂಪತಿಗಳ ಸಂಕಟ ಸಣ್ಣದಲ್ಲ. ನಾಮಕರಣಕ್ಕೂ ಸೀಮಂತಕ್ಕೂ ಕರೆಯದೆ ದೂರವಿಡಲ್ಪಟ್ಟ ಸ್ತ್ರೀಯರನ್ನು ನಾವೆಲ್ಲರೂ ಬಲ್ಲೆವು. ಅವರು ಚಿಕಿತ್ಸಾಲಯದ ಮೆಟ್ಟಿಲು ಹತ್ತಿದರೆ ಅದಕ್ಕೆ ಅವರ ಆಸೆಯಷ್ಟೇ ನಮ್ಮ ನಾಲಗೆಯೂ ಕಾರಣ. ಅವರು ಕರುಣೆಗೆ ಪಾತ್ರರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ಇನ್ನೊಂದು ಪಾತ್ರವಿದೆ, ಅದರ ಒಪ್ಪಿಗೆಯನ್ನು ಯಾರೂ ಕೇಳಲಾರರು: ಹುಟ್ಟುವ ಮಗು. ಕಾಯಿದೆಯು ಆ ಮಗುವಿಗೆ ದಂಪತಿಗಳ ಸ್ವಂತ ಮಗುವಿನ ಎಲ್ಲ ಹಕ್ಕುಗಳನ್ನೂ ಕೊಟ್ಟಿದೆ, ದಾನಿ ತನ್ನ ಮಾತೃತ್ವದ ಹಕ್ಕುಗಳನ್ನೆಲ್ಲ ಬಿಟ್ಟುಕೊಡಬೇಕು. ಇದು ಮಗುವಿನ ಭದ್ರತೆಗೆ ಅವಶ್ಯಕ. ಆದರೆ ತಾನು ಯಾರಿಂದ ಬಂದೆನೆಂದು ತಿಳಿಯುವ ದಾರಿ ಮಾತ್ರ ನಮ್ಮಲ್ಲಿ ಆ ಮಗುವಿಗಿಲ್ಲ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರ ನಂತರ ನೋಂದಾಯಿಸಿಕೊಂಡ ದಾನಿಗಳಿಂದ ಹುಟ್ಟಿದವರು 18 ವರ್ಷ ತುಂಬಿದ ಮೇಲೆ ದಾನಿಯ ಗುರುತನ್ನು ಕೇಳಿ ತಿಳಿಯಬಹುದು.

ಇಷ್ಟಾದ ಮೇಲೆ ಉಪನ್ಯಾಸಕರು ಆಧಾರವಾಗಿ ತೋರಿಸಿದ ಹರಿಣೈಗಮೇಷಿಯ ಪ್ರಸಂಗಕ್ಕೆ ಬರಬೇಕು. ವರ್ಧಮಾನ ಸ್ವಾಮಿಯ ಗರ್ಭಾಪಹರಣದ ಈ ವೃತ್ತಾಂತ ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದ್ದು. ದಿಗಂಬರ ಪರಂಪರೆ ಇದನ್ನು ಒಪ್ಪುವುದಿಲ್ಲ. ಆದ್ದರಿಂದ ಅದನ್ನು ಇಡೀ ಜೈನ ಸಮಾಜದ ಒಪ್ಪಿಗೆಯೆಂದು ಹೇಳಿದ್ದು ಮೊದಲನೆಯ ದೋಷ. ಅದು ಹಾಗಿರಲಿ, ಕಥೆಯನ್ನು ಕಥೆಯ ನೆಲೆಯಲ್ಲಿಯೇ ಓದಿದರೂ ಅವರ ವಾದಕ್ಕೆ ಅಲ್ಲಿ ಬೆಂಬಲವಿಲ್ಲ.

ಕಲ್ಪಸೂತ್ರದಲ್ಲಿ ಬ್ರಾಹ್ಮಣಿ ದೇವಾನಂದೆಯ ಗರ್ಭದಲ್ಲಿ 82 ದಿನಗಳು ಕಳೆದ ಮೇಲೆ ಹರಿಣೈಗಮೇಷಿ ಬರುತ್ತಾನೆ. ಅವನು ಅವಳನ್ನು ಕೇಳುವುದಿಲ್ಲ. ಅವಳಿಗೂ ಪರಿಜನರಿಗೂ ನಿದ್ರೆ ಬರಿಸಿ ಗರ್ಭವನ್ನು ತೆಗೆದು ತ್ರಿಶಲೆಯ ಗರ್ಭದಲ್ಲಿ ಇಡುತ್ತಾನೆ. ಕೇಳದೆ ಒಯ್ದದ್ದು ದಾನ ಹೇಗಾದೀತು? ಈ ವರ್ಗಾವಣೆಗೆ ಅಲ್ಲಿ ಹೇಳಿರುವ ಕಾರಣವಾದರೂ ಏನು? ಕುಲ. ಇಂದು ದಾನಿಯ ಮೈಬಣ್ಣ, ಎತ್ತರ, ವಿದ್ಯೆ, ಜಾತಿಗಳನ್ನು ವಿಚಾರಿಸುವವರಿಗೆ ಈ ಕಥೆ ಕನ್ನಡಿ ಹಿಡಿದೀತೇ ಹೊರತು ಸಮರ್ಥನೆ ಒದಗಿಸದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅದೇ ರಾತ್ರಿ ದೇವಾನಂದೆ, ತಾನು ಮೊದಲು ಕಂಡಿದ್ದ ಹದಿನಾಲ್ಕು ಶುಭಸ್ವಪ್ನಗಳನ್ನು ತ್ರಿಶಲೆ ಕೊಂಡೊಯ್ದಂತೆ ಕನಸು ಕಾಣುತ್ತಾಳೆ. ಗರ್ಭ ಹೋದದ್ದು ನೋವಿಲ್ಲದೆ. ಆದರೆ ಹೋದದ್ದು ಅವಳಿಗೆ ತಿಳಿಯಿತು. ಕಥೆ ಅಲ್ಲಿಗೆ ಅವಳನ್ನು ಮರೆಯಲಿಲ್ಲ. ಭಗವತೀಸೂತ್ರದಲ್ಲಿ, ಎಷ್ಟೋ ವರ್ಷಗಳ ಮೇಲೆ ದೇವಾನಂದೆ ಮಹಾವೀರರ ದರ್ಶನಕ್ಕೆ ಬರುತ್ತಾಳೆ. ಅವರನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲು ಒಸರುತ್ತದೆ. ಗೌತಮ ಗಣಧರರು ಕಾರಣವೇನೆಂದು ಕೇಳಿದಾಗ, ಸರ್ವಜ್ಞರಾದ ಸ್ವಾಮಿಗಳು ಸಭೆಯ ಮುಂದೆ ಸಂಕೋಚವಿಲ್ಲದೆ, ಈಕೆ ತಮ್ಮ ತಾಯಿಯೆಂದು ತಿಳಿಸುತ್ತಾರೆ. ಅದರಿಂದ ತ್ರಿಶಲೆಯ ಮಾತೃತ್ವಕ್ಕೆ ಕುಂದೇನೂ ಬರಲಿಲ್ಲ.

ನಮ್ಮ ಉಪನ್ಯಾಸಕರು ಕಥೆಯ ಮೊದಲರ್ಧವನ್ನು ಮಾತ್ರ ಹೇಳಿದರು. ಪೂರ್ತಿ ಕಥೆ ಕಲಿಸುವುದು ಇದನ್ನು: ಕೊಟ್ಟವಳನ್ನು ಅಳಿಸಿಹಾಕುವುದು ಧರ್ಮವಲ್ಲ.

ಹಾಗಾದರೆ ಅಂಡ ಕೊಡುವುದು ಪಾಪವೇ? ಹಾಗೆಂದು ನಾನು ಹೇಳಲಾರೆ. ಎಲ್ಲವನ್ನೂ ಅರಿತು, ಯಾವ ಒತ್ತಡವೂ ಇಲ್ಲದೆ, ಇನ್ನೊಬ್ಬಳ ದುಃಖಕ್ಕೆ ಕರಗಿ ಕೊಡುವ ಸ್ತ್ರೀ ಇದ್ದರೆ ಅವಳ ಕರುಣೆಗೆ ನಮಸ್ಕಾರ. ಆದರೆ ಬೇರೊಬ್ಬರ ತುರ್ತಿಗೆ ಬಡತನ ತಲೆಬಾಗಿದಾಗ ಅದನ್ನು ಬಸದಿಯ ವೇದಿಕೆಯಿಂದ ದಾನವೆಂದು ಹೊಗಳುವುದು ಶಬ್ದದ ಹಿಂಸೆ. ಇತ್ತ ಸಂತಾನವನ್ನು ಬಯಸುವವರೂ ಅನ್ಯತ್ವ ಭಾವನೆಯನ್ನು ಒಮ್ಮೆ ನೆನೆಯಬೇಕು. ಈ ದೇಹವೇ ನಮ್ಮದಲ್ಲವೆಂದ ಮೇಲೆ ರಕ್ತಸಂಬಂಧದ ಹಟವೇಕೆ? ಅನಾಥವಾಗಿ ಕಾದಿರುವ ಮಗುವನ್ನು ದತ್ತು ತೆಗೆದುಕೊಳ್ಳುವುದು ಅಭಯದಾನಕ್ಕೆ ಅತ್ಯಂತ ಹತ್ತಿರವಾದ ಕಾರ್ಯವೆಂದು ನನ್ನ ನಂಬಿಕೆ. ಇದು ಬಲವಂತದ ಮಾತಲ್ಲ, ಯೋಚಿಸಬೇಕಾದ ಮಾತು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಇಂತಹ ವಿಷಯಗಳಿಗೆ ವೇದಿಕೆ ಕೊಡುವಾಗ ವಿಮೆ, ವಯಸ್ಸು, ಅಪಾಯಗಳನ್ನೂ ಹೇಳುವಂತೆ ಉಪನ್ಯಾಸಕರನ್ನು ಕೇಳಿರಿ. ಈ ಮಾರ್ಗದಿಂದ ಹುಟ್ಟಿದ ಮಕ್ಕಳನ್ನು, ಅಂಡ ಕೊಟ್ಟ ಹೆಣ್ಣುಮಕ್ಕಳನ್ನು ಪೂಜೆ ಸಂಸ್ಕಾರಗಳಿಂದ ದೂರವಿಡದಿರಿ. ಎಲ್ಲಕ್ಕಿಂತ ಮೊದಲು, ನಿಮ್ಮ ಪಾಕಶಾಲೆಯಲ್ಲಿ ಬೇಯಿಸುವವರ ಮಕ್ಕಳ ಶುಲ್ಕದ ಗಡುವು ಯಾವಾಗ ಎಂಬುದನ್ನು ತಿಳಿದುಕೊಳ್ಳಿರಿ. ಪರ್ವದ ಹತ್ತು ದಿನಗಳ ಹೂವಿನ ಅಲಂಕಾರಕ್ಕೆ ನಾವು ಮಾಡಿದ ವೆಚ್ಚ ಆ ಹುಡುಗಿಯ ಶುಲ್ಕಕ್ಕಿಂತ ಹೆಚ್ಚಾಗಿತ್ತೆಂಬುದು ಲೆಕ್ಕಪತ್ರ ನೋಡಿದಾಗ ನನಗೆ ತಿಳಿಯಿತು. ಶಾಸ್ತ್ರದಾನವೆಂದರೆ ವಿದ್ಯೆಯ ದಾನವೂ ಹೌದಲ್ಲವೇ?

ಮಗಳೇ, ನೀನು ಅಂದು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು: ನಿನಗೆ ಹೇಳಿದ್ದು ದಾನವಲ್ಲ, ನಾವು ಚಪ್ಪಾಳೆ ತಟ್ಟಿದ್ದು ತಪ್ಪು. ಮುಂದಿನ ತೀರ್ಮಾನ ನಿನ್ನದೇ. ಆದರೆ ಆ ತೀರ್ಮಾನವನ್ನು ನೀನು ಶುಲ್ಕದ ಭಯದಿಂದ ಮಾಡದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ನಾವು ನಿನಗೆ ಕೊಡಬೇಕಾಗಿದ್ದದ್ದು ಅಭಯ.