ಜಾನಪದ ಜಾಲತಾಣಗಳು: ಬಳಕೆಯ ಸೌಲಭ್ಯ ಮತ್ತು ವರ್ಗೀಕರಣದ ಸಮಸ್ಯೆ

ಜಾನಪದ ಸಾಮಗ್ರಿಯನ್ನು ಜಾಲತಾಣಕ್ಕೆ ಅಳವಡಿಸುವ ಕಾರ್ಯವನ್ನು ನಾವು ಬಹುಮಟ್ಟಿಗೆ ಸಂಗ್ರಹಕಾರ್ಯದ ಮುಂದುವರಿಕೆಯೆಂದೇ ಭಾವಿಸುತ್ತ ಬಂದಿದ್ದೇವೆ. ಎಷ್ಟು ಗಂಟೆಗಳ ಧ್ವನಿಮುದ್ರಣ, ಎಷ್ಟು ಪುಟಗಳ ಹಸ್ತಪ್ರತಿ, ಎಷ್ಟು ಛಾಯಾಚಿತ್ರ ಎಂಬ ಲೆಕ್ಕದಿಂದ ಅದರ ಸಾಧನೆಯನ್ನು ಅಳೆಯುತ್ತೇವೆ. ಸಂಗ್ರಹಿಸಿದ್ದು ಹುಡುಕುವವರ ಕೈಗೆ ಸಿಗದಿದ್ದರೆ, ಬೀಗ ಹಾಕಿದ ಒಂದು ಕಪಾಟಿನಿಂದ ಮತ್ತೊಂದಕ್ಕೆ ಅದನ್ನು ಸಾಗಿಸಿದಂತಾಗುತ್ತದೆ, ಅಷ್ಟೆ. ಹೊಸ ಜಾಲತಾಣ ಬಳಕೆಗೆ ಸುಲಭವಾಗಿರಬೇಕು ಎಂಬ ಮಾತನ್ನು ತಂತ್ರಜ್ಞರ ಹೊಣೆಗೆ ಬಿಟ್ಟುಬಿಡುವುದು ರೂಢಿಯಾಗಿದೆ. ಆದರೆ ಅದು ಮೂಲತಃ ಜಾನಪದ ಅಧ್ಯಯನದ ಪ್ರಶ್ನೆಯೆಂಬುದು ಪ್ರಸ್ತುತ ಲೇಖನದ ನಿಲುವು.

ಬಳಕೆಯ ಸೌಲಭ್ಯವನ್ನು ಕುರಿತು 1998ರಲ್ಲಿ ರೂಪುಗೊಂಡ ಐಎಸ್‌ಒ 9241-11 ಮಾನಕವು ಅದನ್ನು ವಸ್ತುವಿನ ಸ್ವತಂತ್ರ ಗುಣವೆಂದು ಪರಿಗಣಿಸುವುದಿಲ್ಲ. ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ಉದ್ದೇಶವನ್ನು ಎಷ್ಟು ಪರಿಣಾಮಕಾರಿಯಾಗಿ, ಎಷ್ಟು ಕಡಿಮೆ ಶ್ರಮದಿಂದ, ಎಷ್ಟು ತೃಪ್ತಿಯಿಂದ ಸಾಧಿಸಬಲ್ಲರು ಎಂಬುದೇ ಅದರ ಅಳತೆ. ಅಲನ್ ಡಂಡೆಸ್ 1964ರಲ್ಲಿಯೇ ಪಠ್ಯದೊಂದಿಗೆ ಸಂದರ್ಭವನ್ನೂ ಗಮನಿಸಬೇಕೆಂದು ವಾದಿಸಿದ್ದನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಈ ವಿಚಾರ ಹೊಸದೇನಲ್ಲ. ಹಾಡುವ ಸಂದರ್ಭವನ್ನು ಶ್ರದ್ಧೆಯಿಂದ ದಾಖಲಿಸುವ ನಾವು, ದಾಖಲೆಯನ್ನು ಬಳಸುವವರ ಸಂದರ್ಭವನ್ನು ಮಾತ್ರ ಮರೆತಿದ್ದೇವೆ.

ಈ ಮರೆವು ಮೊದಲು ಕಾಣುವುದು ವರ್ಗೀಕರಣದಲ್ಲಿ. ಅನೇಕ ತಾಣಗಳ ಮುಖಪುಟವು ಸಂಸ್ಥೆಯ ವಿಭಾಗಗಳ, ಯೋಜನೆಗಳ, ಸಂಪುಟಗಳ ಕ್ರಮವನ್ನು ಅನುಸರಿಸುತ್ತದೆ. ಒಳಗೆ ಹೋದರೆ ಮಹಾಕಾವ್ಯ, ಖಂಡಕಾವ್ಯ, ಕಥನಗೀತೆ ಎಂಬ ವಿದ್ವತ್ ಪರಿಭಾಷೆ ಎದುರಾಗುತ್ತದೆ. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವರು ಅದನ್ನು ಸಾಲುಗಳಾಗಿ ವಿಂಗಡಿಸಿಕೊಂಡಿದ್ದಾರೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಕೇಳುವವರೂ ಇಂಥ ಸಾಲು ಬೇಕೆಂದೇ ಕೇಳುತ್ತಾರೆ. ಹೀಗಿರುವಾಗ ಸಂಕಮ್ಮನ ಸಾಲನ್ನು ಅರಸಿ ಬಂದವರಿಗೆ ‘ಮಹಾಕಾವ್ಯ, ಭಾಗ ಮೂರು’ ಎಂಬ ಶೀರ್ಷಿಕೆ ಯಾವ ದಾರಿಯನ್ನೂ ತೋರಿಸದು. ಆರ್ನೆ, ಥಾಮ್ಸನ್, ಊಥರ್ ಅವರ ಕಥಾವರ್ಗ ಸೂಚಿಯು 2004ರ ಪರಿಷ್ಕೃತ ರೂಪದಲ್ಲಿ ತೌಲನಿಕ ಅಧ್ಯಯನಕ್ಕೆ ಉಪಯುಕ್ತವೇ ಸರಿ. ಆದರೆ ಅದು ಸಂಶೋಧಕರ ಬಾಗಿಲು. ಪರಂಪರೆಯ ಹೆಸರುಗಳು ಮುಂಬಾಗಿಲಲ್ಲಿರಬೇಕು. ಶಾಸ್ತ್ರೀಯ ವರ್ಗಸಂಖ್ಯೆ ಅವುಗಳಿಗೆ ಜೋಡಣೆಯಾಗಿ ಬರಬೇಕು.

ಎರಡನೆಯ ಸಮಸ್ಯೆ ಹುಡುಕಾಟದ್ದು. ಒಂದೇ ದೈವ ಮಾದೇಶ್ವರ, ಮಹದೇಶ್ವರ, ಮಾದೇವ, ಮಾದಪ್ಪ ಎಂದೆಲ್ಲ ಕರೆಯಿಸಿಕೊಳ್ಳುತ್ತದೆ. ಹಳೆ ಮೈಸೂರು ಭಾಗದ ಆಡುನುಡಿಯಲ್ಲಿ ಹಾಡು ‘ಆಡು’ ಆಗುತ್ತದೆ, ಹಟ್ಟಿ ‘ಅಟ್ಟಿ’ಯಾಗುತ್ತದೆ, ಕಥೆಯನ್ನು ಕತೆಯೆಂದು ಬರೆಯುವವರೂ ಉಂಟು. ಧ್ವನಿಗೆ ನಿಷ್ಠವಾಗಿ ಲಿಪ್ಯಂತರಿಸಿದಷ್ಟೂ ಶಿಷ್ಟರೂಪದಲ್ಲಿ ಹುಡುಕುವವರಿಗೆ ಆ ಪಠ್ಯ ದೂರವಾಗುತ್ತದೆ. ಪಠ್ಯವನ್ನು ಶಿಷ್ಟಗೊಳಿಸುವುದು ಇದಕ್ಕೆ ಪರಿಹಾರವಲ್ಲ, ಅದು ಜಾನಪದಕ್ಕೆ ಬಗೆಯುವ ದ್ರೋಹ. ಪಠ್ಯವನ್ನು ಇದ್ದಂತೆಯೇ ಉಳಿಸಿ, ರೂಪಾಂತರಗಳನ್ನು ಒಂದಕ್ಕೊಂದು ಬೆಸೆಯುವ ಪದಸೂಚಿಯನ್ನು ಹಿನ್ನೆಲೆಯಲ್ಲಿ ಸಿದ್ಧಪಡಿಸಬೇಕು. ಈ ಸೂಚಿಯನ್ನು ತಂತ್ರಜ್ಞರು ರಚಿಸಲಾರರು. ಕ್ಷೇತ್ರಕಾರ್ಯ ಮಾಡಿದವರೇ ರಚಿಸಬೇಕು. ಇದರೊಂದಿಗೆ, ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನು ಪರಿವರ್ತಿಸದೆ ಏರಿಸಿದರೆ, ಅಥವಾ ಪುಟಗಳನ್ನು ಕೇವಲ ಚಿತ್ರಗಳಾಗಿ ಇರಿಸಿದರೆ, ಯಾವ ಪದವೂ ಹುಡುಕಾಟಕ್ಕೆ ಸಿಗದು. ಕಣ್ಣಿಗೆ ಕನ್ನಡವಾಗಿ ಕಾಣುವುದೆಲ್ಲವೂ ಗಣಕಕ್ಕೆ ಕನ್ನಡವಲ್ಲ.

ಮೂರನೆಯದು ದೀರ್ಘ ಪ್ರದರ್ಶನಗಳ ಪ್ರಶ್ನೆ. ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರೊಂದಿಗೆ ಸೇರಿ 1998ರಲ್ಲಿ ಪ್ರಕಟಿಸಿದರು. ಅದರ ವಿಸ್ತಾರ 15,683 ಸಾಲುಗಳು. ಇಂಥ ಪಠ್ಯವನ್ನು ಮುದ್ರಣದಲ್ಲಿ ಸಾಲುಸಂಖ್ಯೆಯ ನೆರವಿನಿಂದ ಉಲ್ಲೇಖಿಸಬಹುದು. ಹಲವು ಗಂಟೆಗಳ ಧ್ವನಿಮುದ್ರಣವನ್ನು ಒಂದೇ ಕಡತವಾಗಿ ಏರಿಸಿದಾಗ ಆ ಸೌಲಭ್ಯವೂ ಇಲ್ಲವಾಗುತ್ತದೆ. ಕಥಾಘಟ್ಟಗಳಿಗೆ ಅನುಗುಣವಾಗಿ ಧ್ವನಿಯನ್ನು ವಿಭಜಿಸಿ, ಪ್ರತಿ ಭಾಗಕ್ಕೂ ಲಿಪ್ಯಂತರವನ್ನು ಹೊಂದಿಸುವುದರಿಂದ ಸಂಶೋಧಕರಿಗೆ ಉಲ್ಲೇಖ ಸುಲಭವಾಗುತ್ತದೆ. ಕಿವಿ ಕೇಳದವರಿಗೆ ಪಠ್ಯ ದೊರೆಯುತ್ತದೆ. ಹಳ್ಳಿಯಲ್ಲಿ ಮೊಬೈಲಿನ ಮೂಲಕ ಕೇಳುವವರಿಗೆ ಬೇಕಾದಷ್ಟನ್ನೇ ಪಡೆಯಲು ಸಾಧ್ಯವಾಗುತ್ತದೆ.

ಸುಲಭತೆಯನ್ನೇ ಪರಮ ಮೌಲ್ಯವೆಂದು ಒಪ್ಪಬೇಕೆಂದು ಇದರ ಅರ್ಥವಲ್ಲ. ಆಚರಣೆಯ ಹೊತ್ತಿನಲ್ಲಿ ಮಾತ್ರ ಹಾಡಬೇಕಾದ, ಹೊರಗಿನವರ ಕಿವಿಗೆ ಬೀಳಬಾರದೆಂದು ಸಮುದಾಯ ಬಯಸುವ ಪಠ್ಯಗಳಿವೆ. ಅಲ್ಲಿ ಬಾಗಿಲು ಮುಚ್ಚಿರುವುದೇ ನ್ಯಾಯ. ಆದರೆ ಅದನ್ನು ಏಕೆ, ಯಾರ ಇಚ್ಛೆಯಂತೆ ಮುಚ್ಚಿದೆ ಎಂಬುದನ್ನು ತಾಣ ಸ್ಪಷ್ಟವಾಗಿ ತಿಳಿಸಬೇಕು. ತೆರೆದಿರುವ ಪಠ್ಯಗಳಲ್ಲಿ ಸಂಪಾದಕರ ಹೆಸರಿನಷ್ಟೇ ಸುಲಭವಾಗಿ ಹಾಡುಗಾರರ ಹೆಸರೂ, ಅವರ ಒಪ್ಪಿಗೆಯ ಮೇರೆಗೆ, ಹುಡುಕಾಟಕ್ಕೆ ದೊರೆಯಬೇಕು. ತಂದೆಯ ದನಿಯನ್ನು ಹುಡುಕುವ ಮಗಳಿಗೆ ಗೊತ್ತಿರುವುದು ತಂದೆಯ ಹೆಸರು, ಸಂಪುಟದ ಸಂಖ್ಯೆಯಲ್ಲ.

ತಾಣವನ್ನು ಲೋಕಾರ್ಪಣೆಗೊಳಿಸುವ ಮುನ್ನ ಬಳಕೆದಾರರಿಂದಲೇ ಪರೀಕ್ಷಿಸುವ ಕ್ರಮ ಹೊರಗೆ ಬಹುಕಾಲದಿಂದ ಇದೆ. ಒಂದು ಸುತ್ತಿಗೆ ಐದು ಮಂದಿ ಸಾಕೆಂದು ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ಆದರೆ ಒಂದೇ ಬಗೆಯ ಐವರು ನಮ್ಮ ಉದ್ದೇಶಕ್ಕೆ ಸಾಲರು. ಸಂಶೋಧಕರು, ಗ್ರಂಥಪಾಲಕರು, ಶಾಲಾ ಶಿಕ್ಷಕರು, ಹಾಡುಗಾರರು, ಹಾಡುಗಾರರ ಮನೆಯ ಕಿರಿಯರು, ಈ ಪ್ರತಿಯೊಂದು ಗುಂಪಿನಿಂದಲೂ ಕೆಲವರನ್ನು ಕೂರಿಸಿ, ಹುಡುಕಲು ಒಂದು ಸಾಲಿನ ಹೆಸರು ಕೊಟ್ಟು, ಅವರು ಎಲ್ಲಿ ಎಡವುತ್ತಾರೆಂದು ಮೌನವಾಗಿ ಗಮನಿಸಬೇಕು. ಕ್ಷೇತ್ರಕಾರ್ಯದಲ್ಲಿ ನಾವು ಕಲಿತ ವಿದ್ಯೆಯೂ ಇದೇ. ಹಾಡು ಕೊಟ್ಟವರಿಗೇ ಹಾಡು ಸಿಗದಂತೆ ಕಟ್ಟಿದ ತಾಣವು ಎಷ್ಟೇ ಸಾಮಗ್ರಿಯನ್ನು ಹೊಂದಿದ್ದರೂ ಅದನ್ನು ಜಾನಪದ ಭಂಡಾರವೆಂದು ಕರೆಯುವುದು ಕಷ್ಟ.